ಲಾಲಿಕ್ ಗಾಜಿನ ಹುಂಜ: ಕಾರಿನ ಮೇಲಿದ್ದದ್ದೋ, ಮೇಜಿನ ಮೇಲಿದ್ದದ್ದೋ?

ಪ್ರಶ್ನೆ: ಮಾನ್ಯರೇ, ನಾನು ಇಂಗ್ಲೆಂಡಿನಲ್ಲಿ ನೆಲೆಸಿದ್ದೇನೆ. ಇಲ್ಲಿನ ಹಳೆಯ ವಸ್ತುಗಳ ಸಂತೆಯಲ್ಲಿ ಗೇಣುದ್ದದ ಗಾಜಿನ ಹುಂಜವೊಂದನ್ನು ಕೊಂಡೆ. ಫ್ರಾನ್ಸಿನ ಗಾಜಿನ ಕಲಾವಿದ ರೆನೆ ಲಾಲಿಕ್ ಅವರು ಕಾರಿನ ರೇಡಿಯೇಟರ್ ಮುಚ್ಚಳದ ಮೇಲೆ ಕೂರಿಸಲೆಂದು 1928ರಲ್ಲಿ ಹೊರತಂದ ‘ಕಾಕ್ ನ್ಯಾಂ’ ಎಂಬ ಮ್ಯಾಸ್ಕಾಟ್ (ಅಲಂಕಾರದ ಬೊಂಬೆ) ಇದೇ ಎಂದು ಮಾರಿದವರು ಹೇಳಿದರು. ಪೀಠದ ಅಡಿಯಲ್ಲಿ ‘ಲಾಲಿಕ್ ಫ್ರಾನ್ಸ್’ ಎಂದು ಕೂಡಿಸಿ ಬರೆದ ಅಕ್ಷರಗಳಲ್ಲಿ ಕೊರೆದಿದ್ದಾರೆ. ಬಾಲದ ತುದಿಯಲ್ಲಿ ಅಕ್ಕಿಕಾಳಿನಷ್ಟು ಚಕ್ಕೆ ಎದ್ದಿದೆ. ಇದು ಆ ಕಾಲದ್ದೇ? ಚಕ್ಕೆ ಎದ್ದ ಜಾಗಕ್ಕೆ ಸಾಣೆ ಹಿಡಿಸಬಹುದೇ?

ಉತ್ತರ: ಸಹಿ ನೀವು ಬರೆದಂತೆಯೇ ಇದ್ದರೆ, ಇದು 1945ರ ನಂತರದ ತಯಾರಿಕೆ ಎಂದೇ ಹೇಳಬೇಕಾಗುತ್ತದೆ. ರೆನೆ ಲಾಲಿಕ್ ಆ ವರ್ಷ ತೀರಿಕೊಂಡರು. ಅವರು ಇರುವವರೆಗೆ ಹೆಸರಿನ ಮುಂದೆ ಸಾಮಾನ್ಯವಾಗಿ ಇರುತ್ತಿದ್ದ ‘ಆರ್’ ಅಕ್ಷರವನ್ನು, ಮಗ ಮಾರ್ಕ್ ಕಾರ್ಖಾನೆಯನ್ನು ವಹಿಸಿಕೊಂಡ ಮೇಲೆ ಕೈಬಿಡಲಾಯಿತು. ಇದೇ ಮಾದರಿಯ ಹುಂಜಗಳು ಯುದ್ಧದ ನಂತರ ಪೇಪರ್‌ವೇಟ್‌ಗಳಾಗಿಯೂ ಬಂದಿವೆ. ಆದುದರಿಂದ ನಿಮ್ಮದನ್ನು ನಕಲಿ ಎನ್ನಲಾಗದು. ಕಾರಿನ ಮೂತಿಯ ಮೇಲೆ ಕುಳಿತದ್ದಲ್ಲ, ಅಷ್ಟೇ. (ಕಲ್ಲು ಸಿಡಿಯುವ ಆ ರಸ್ತೆಗಳಲ್ಲಿ ಗಾಜನ್ನು ಮುಂದಿಟ್ಟುಕೊಂಡು ಓಡಾಡಿದವರ ಧೈರ್ಯಕ್ಕೆ ನಾನು ಇಂದಿಗೂ ಬೆರಗಾಗುತ್ತೇನೆ.)

ಹಾಗೆಂದು ‘ಆರ್’ ಕಂಡೊಡನೆ ನಂಬಲೂಬಾರದು, ಏಕೆಂದರೆ ಈಚಿನ ವಸ್ತುಗಳಿಗೆ ಆ ಒಂದು ಅಕ್ಷರವನ್ನು ಕೊರೆದು ಸೇರಿಸುವವರಿದ್ದಾರೆ. ಭೂತಗನ್ನಡಿ ಹಿಡಿದು ನೋಡಿ: ಅಚ್ಚಿನಲ್ಲೇ ಮೂಡಿದ ಅಕ್ಷರದ ಅಂಚು ಬಳಸಿದ ಸಾಬೂನಿನ ಮೇಲಿನ ಹೆಸರಿನಂತೆ ನಯವಾಗಿರುತ್ತದೆ, ಹೊಸದಾಗಿ ಕೊರೆದದ್ದರ ಅಂಚು ಹರಿತವಾಗಿದ್ದು, ಗೀರಿನ ತಳ ಬೆಳ್ಳಗೆ ಒರಟಾಗಿ ಕಾಣುತ್ತದೆ.

ಸಾಣೆ ಹಿಡಿಸಬೇಡಿ. ಚಕ್ಕೆ ಎದ್ದ ಬಾಲಕ್ಕಾದರೂ ಬೆಲೆ ಉಂಟು, ತೇದು ಗಿಡ್ಡವಾದ ಬಾಲಕ್ಕೆ ಅಷ್ಟೂ ಇಲ್ಲ. ಬಲ್ಲ ಸಂಗ್ರಾಹಕರು ಮೊದಲು ಬೆರಳಾಡಿಸುವುದೇ ಅಲ್ಲಿ.

ಪ್ರಶ್ನೆ: ಧನ್ಯವಾದಗಳು ಸರ್. ಅದೇ ವ್ಯಾಪಾರಿಯ ಬಳಿ ನೇರಳೆ ಬಣ್ಣದ ಇನ್ನೊಂದು ಹುಂಜವಿದೆ. ಬಣ್ಣವೇ ಹಳೆಯದೆಂಬುದಕ್ಕೆ ಸಾಕ್ಷಿ ಎಂದು ಎರಡರಷ್ಟು ಬೆಲೆ ಕೇಳುತ್ತಿದ್ದಾರೆ.

ಉತ್ತರ: ಗಾಜಿನ ಹಸಿರು ಛಾಯೆಯನ್ನು ಕಳೆಯಲು ಬೆರೆಸುತ್ತಿದ್ದ ಮ್ಯಾಂಗನೀಸ್, ವರ್ಷಗಟ್ಟಲೆ ಬಿಸಿಲು ಕಂಡರೆ ತೆಳುವಾದ ನೇರಳೆಗೆ ತಿರುಗುತ್ತದೆ. ಆದರೆ ವಿಕಿರಣಕ್ಕೆ ಒಡ್ಡಿದರೆ ಅದೇ ಬಣ್ಣ ಅಲ್ಪಕಾಲದಲ್ಲೇ, ಇನ್ನಷ್ಟು ಗಾಢವಾಗಿ ಬರುತ್ತದೆ. ಹಗಲು ಬೆಳಕಿನಲ್ಲಿ ಬಿಳಿ ಹಾಳೆಯ ಮೇಲಿಟ್ಟು ನೋಡಿ. ನೇರಳೆ ಹಣ್ಣಿನ ರಸದಷ್ಟು ದಟ್ಟವಾಗಿ ಕಂಡರೆ ಬಿಟ್ಟುಬಿಡಿ. ನೀರಿಗೆ ಒಂದು ಹನಿ ರಸ ಬಿದ್ದಷ್ಟೇ ಇದ್ದರೆ, ಸಹಿಯ ಚಿತ್ರ ತೆಗೆದು ಕಳುಹಿಸಿ.