ಸಹಾಯ ಬೇಕು: ನಮ್ಮ ಕಿರುಚಿತ್ರದ ಹೀರೋ ನಾಯಕಿ ಜೊತೆ ಊರು ಬಿಡಬೇಕೋ ಬೇಡ್ವೋ?

ಎಲ್ರಿಗೂ ನಮಸ್ಕಾರ ರೀ. ನಾವು ದಾವಣಗೆರೆಯ ನಾಲ್ಕು ಜನ ಗೆಳೆಯರು ಸೇರಿ 25 ನಿಮಿಷದ ಒಂದು ರೊಮ್ಯಾಂಟಿಕ್ ಕಾಮಿಡಿ ಮಾಡ್ತಿದೀವಿ. ಕಥೆ ನಂದೇ, ಸಿಕ್ಕಿಬಿದ್ದಿರೋದೂ ನಾನೇ.

ನಾಯಕಿ ಅಮ್ಮನ ಬೆಣ್ಣೆ ದೋಸೆ ಹೋಟೆಲ್‌ನಲ್ಲಿ ಕಾವಲಿ ಮುಂದೆ ನಿಲ್ಲೋಳು. ಹೀರೋ ಚಿತ್ರದುರ್ಗದ ಖಾಸಗಿ ಬಸ್ಸಿನ ಕಂಡಕ್ಟರ್. ದಿನಾ ಬಂದು ದೋಸೆ ಹುಯ್ಯೋದು ಕಲೀತಾನೆ, ಅವನ ದೋಸೆ ಮಾತ್ರ ಯಾವಾಗ್ಲೂ ಕರ್ನಾಟಕದ ನಕ್ಷೆ ಥರಾನೇ ಆಗುತ್ತೆ. ಕೆಳಗೆ ಚಾಮರಾಜನಗರ ಸೀದು ಹೋಗಿರುತ್ತೆ! ಇಲ್ಲಿವರೆಗೂ ಓದಿದೋರೆಲ್ಲ ನಕ್ಕಿದಾರೆ.

ಆಮೇಲೆ ಅವಳಿಗೆ ಪುಣೆಯಲ್ಲಿ ಪಾಲುದಾರಿಕೆ ಮೇಲೆ ಹೋಟೆಲ್ ಹಾಕೋ ಅವಕಾಶ ಬರುತ್ತೆ. ಅಲ್ಲಿಗೆ ನನ್ನ ಪೆನ್ನು ನಿಂತಿದೆ.

ಮೂರು ಕ್ಲೈಮ್ಯಾಕ್ಸ್ ಬರೆದೆ. ಮೂರರಲ್ಲೂ ಅವಳು ಬಸ್ ಸ್ಟ್ಯಾಂಡಿಂದ ವಾಪಸ್ ಬರ್ತಾಳೆ. ನಮ್ಮಕ್ಕ ಓದಿ, 'ಪಾಪ, ಅವಳನ್ನ ಹೋಗೋಕೆ ಬಿಡೋ ಮಾರಾಯ' ಅಂದ್ಲು. ಸರಿ ಅಂತ ಕಳಿಸಿದ್ರೆ ಕಾಮಿಡಿ ಹೋಗಿ ಅಳುಮುಂಜಿ ಆಯ್ತು. ಅವನನ್ನೂ ಜೊತೆಗೆ ಹತ್ತಿಸಿದ್ರೆ ಅವನಿಗೆ ಸ್ವಂತ ಬದುಕೇ ಇಲ್ಲ ಅನ್ನೋ ಹಾಗೆ ಕಾಣುತ್ತೆ. ಕೊನೇ ಸೀನ್ ದುರ್ಗದ ಕೋಟೆ ಮೇಲೆ ಇಟ್ಟಿದ್ದೆ, ಅದು ಪುರಾತತ್ವ ಇಲಾಖೆ ಸಂರಕ್ಷಿತ ಜಾಗ, ಶೂಟಿಂಗ್‌ಗೆ ಅನುಮತಿ ಬೇಕು. ಹಾಗಾಗಿ ಅದನ್ನ ಬಿಟ್ಟು ಹೋಟೆಲ್‌ಗೇ ತಂದಿದೀನಿ.

ನನಗೆ ಬೇಕಾಗಿರೋದು ಇಷ್ಟೇ: ಅವಳು ಪುಣೆಗೆ ಹೋಗೋದು ಖಾಯಂ. ಹೀರೋ ಕಂಡಕ್ಟರ್ ಕೆಲಸ ಬಿಟ್ಟು ಇಲ್ಲಿನ ಕಾವಲಿ ಹಿಡೀಬೇಕಾ, ಇಲ್ಲಾ ಅವಳ ಜೊತೆ ಹೋಗ್ಬೇಕಾ? ಯಾವುದ್ರಲ್ಲಿ ನಗು ಉಳಿಯುತ್ತೆ, ಯಾಕೆ ಅಂತ ಹೇಳ್ರಿ.