ಹದಿನೆಂಟು ಸಾವಿರದೊಳಗ ಹಳೇ ಲ್ಯಾಪ್‌ಟಾಪ್: ಯಾವ ಪ್ರೊಸೆಸರ್ ನೋಡ್ಬೇಕ್ರಿ?

ಬಾಗಲಕೋಟೆ ನವನಗರದಿಂದ:
ಎಲ್ಲಾರಿಗೂ ನಮಸ್ಕಾರ್ರಿ. ಮಗಳು ಬಿಸಿಎ ಸೇರ್ಯಾಳ. ಹದಿನೆಂಟು ಸಾವಿರದ ಮ್ಯಾಲ ನನ್ನ ಕೈಲೆ ಆಗಂಗಿಲ್ಲ, ಹಿಂಗಾಗಿ ಸೆಕೆಂಡ್ ಹ್ಯಾಂಡೇ ಗತಿ. ಅಂಗಡ್ಯಾಗ ಎರಡು ತೋರಿಸ್ಯಾರ: ಒಂದು ಐ7-6500ಯು, ಇನ್ನೊಂದು ಐ5-8250ಯು. ರೇಟು ಹೆಚ್ಚುಕಡಿಮಿ ಒಂದ. "ಐ7 ದೊಡ್ಡದು, ಅದನ್ನ ಒಯ್ರಿ" ಅಂತಾನ ಅಂಗಡಿಯವ. ಬಳಸಿದವರು ಹೇಳ್ರಿ.

ಬೆಳಗಾವಿ, ರಿಪೇರಿ ಕೆಲಸದವ:
ಐ5 ತಗೊಳ್ರಿ ಅಣ್ಣಾರ, ವಿಚಾರ ಮಾಡೋದ ಬ್ಯಾಡ. 6500ಯು ಹೆಸರು ಕ್ಷೀರಸಾಗರ, ಮನ್ಯಾಗ ಮಜ್ಜಗಿಗೂ ಗತಿ ಇಲ್ಲ: ಒಳಗ ಇರೋದು ಎರಡ ಕೋರ್, ಅಂದ್ರ ಲೆಕ್ಕ ಮಾಡೋ ಘಟಕ ಎರಡ. 8250ಯುದಾಗ ನಾಲ್ಕು ಕೋರ್, ಎಂಟು ಥ್ರೆಡ್, ಅಂದ್ರ ಒಂದೇ ಸಲಕ್ಕ ಎಂಟು ಕೆಲಸದ ಸಾಲು ನಡಸ್ತೈತಿ. 2017ರಾಗ ಬಂದ ಈ ಚಿಪ್‌ನಿಂದನ ಇಂಟೆಲ್‌ನವರು ಯು ಸರಣಿ (ಕಡಿಮಿ ಕರೆಂಟಿನ ಲ್ಯಾಪ್‌ಟಾಪ್ ಚಿಪ್) ಐ5ಗೆ ನಾಲ್ಕು ಕೋರ್ ಕೊಟ್ಟಿದ್ದು. ಅದರ ಹಿಂದಿನ 7200ಯುಗೂ ಎರಡ.

ಇನ್ನೊಂದು ಮಾತು. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕ ಮುಗೀತು. ವಿಂಡೋಸ್ 11ಕ್ಕ ಇಂಟೆಲ್‌ದಾಗ ಒಂದೆರಡು ಬಿಟ್ರ 8ನೇ ಜನರೇಷನ್, ಅಂದ್ರ 8ನೇ ಪೀಳಿಗಿ ಚಿಪ್‌ನಿಂದ ಮ್ಯಾಲಿಂದ ಬೇಕು. 6ನೇದಕ್ಕೂ 11 ಹಾಕಿಕೊಡ್ತೀವಿ ಅಂತಾರ, ಹಾಕಬಹುದು ಖರೆ, ಆದ್ರ ಅದಕ್ಕ ಅಪ್‌ಡೇಟ್ ಕೊಡ್ತೀವಿ ಅಂತ ಮೈಕ್ರೋಸಾಫ್ಟ್‌ನವರು ಮಾತು ಕೊಟ್ಟಿಲ್ಲ.

ಐ3, ಐ5, ಐ7 ನೋಡಬ್ಯಾಡ್ರಿ, ಡ್ಯಾಶ್ ಆದ ಮ್ಯಾಲಿನ ಅಂಕಿ ಓದ್ರಿ. 8250 ಅಂದ್ರ 8ನೇದು, 10210 ಅಂದ್ರ 10ನೇದು. 1035ಜಿ1 ಕಂಡ್ರ ಹಳೇದು ಅನ್ಕೋಬ್ಯಾಡ್ರಿ, ಅದೂ 10ನೇದ.

ವಿಜಯಪುರ, ಇಂಜಿನಿಯರಿಂಗ್ ಓದ್ತಿರೋಂವ:
ಕಾಕಾ, ಎಎಂಡಿ ಕಂಪನಿಯ ರೈಜನ್ 5 3500ಯು ಸಿಕ್ರ ಅದನ್ನೂ ನೋಡ್ರಿ. ನಾಲ್ಕು ಕೋರ್, 11ಕ್ಕೂ ನಡೀತದ. ನಾನು ಅದರಾಗ ಜಾವಾ, ಪೈಥಾನ್ ಎಲ್ಲಾ ಮಾಡ್ತೀನಿ, ತಕರಾರಿಲ್ಲ. 2500ಯು ಮಾತ್ರ ಬ್ಯಾಡ, ಅದು 11ರ ಪಟ್ಟಿಯೊಳಗ ಇಲ್ಲ.

ಹುನಗುಂದ ಕಡೆಯಿಂದ:
ಎಲ್ಲಾರೂ 8 ಅಂತೀರಿ. ನಮ್ಮ ಆಫೀಸಿನ್ಯಾಗ 6ನೇ ಜನರೇಷನ್ ಐ3ಗೆ ಎಸ್‌ಎಸ್‌ಡಿ (ವೇಗದ ಡಿಸ್ಕ್) ಹಾಕಿಸಿ ನುಡಿ ಟೈಪಿಂಗ್, ಲೆಕ್ಕಪತ್ರ ಎಲ್ಲಾ ನಡಿಸೇವಿ. ಬರೇ ಟೈಪಿಂಗ್‌ಗೆ ಯಾಕ ಖರ್ಚು?

ಬೆಳಗಾವಿ, ರಿಪೇರಿ ಕೆಲಸದವ:
ಟೈಪಿಂಗ್‌ಗೆ ನಿಮ್ಮ ಮಾತು ಖರೆ ಸರ್. ಆದ್ರ ಇದು ಮೂರು ವರ್ಷ ಬಿಸಿಎ ಓದೋ ಹುಡುಗಿಗೆ. ಒಂದೇ ರೇಟಿಗೆ ಎರಡೂ ಸಿಗಾಕತ್ತಾವಂದ್ರ ಹಿಂದಿಂದ್ಯಾಕ ಒಯ್ಬೇಕು?

ಬಾಗಲಕೋಟೆ ವಿದ್ಯಾಗಿರಿಯಿಂದ:
ಅದೇ ರೊಕ್ಕಕ್ಕ ಹೊಸಾದು ಸಿಗ್ತೈತಿ ಅಂತ ಸೆಲೆರಾನ್ ಎನ್4020 ತೋರಿಸ್ತಾರ, ಹುಷಾರ್ರಿ. ಅದು 11ರ ಪಟ್ಟಿಯೊಳಗ ಐತಿ, ಆದ್ರ ಎರಡು ಕೋರ್, ಎರಡ ಥ್ರೆಡ್. ಬಹಳಷ್ಟರಾಗ ಬೋರ್ಡಿಗೇ ಬೆಸುಗಿ ಹಾಕಿದ 64 ಜಿಬಿ ಸ್ಟೋರೇಜ್. ಬ್ರೌಸರ್‌ದಾಗ ನಾಕು ಟ್ಯಾಬ್ ತೆಗೆದ್ರ ಸುತ್ತಾಕತ್ತತೈತಿ.

ವಿಜಯಪುರದ ಮೇಡಂ:
ಸ್ಟಿಕ್ಕರ್ ನಂಬಬ್ಯಾಡ್ರಿ, ಯಾವುದು ಬೇಕಾದ್ರೂ ಅಂಟಿಸ್ತಾರ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ರಿ, ಟಾಸ್ಕ್ ಮ್ಯಾನೇಜರ್ ಬರ್ತದ. ಪರ್ಫಾಮೆನ್ಸ್‌ದಾಗ ಸಿಪಿಯು ಒತ್ತಿದ್ರ ಬಲಗಡೆ ಪೂರ್ತಿ ಹೆಸರು ಕಾಣಸ್ತದ. ಆಮ್ಯಾಲ ಒಂದು ಎಚ್‌ಡಿ ವಿಡಿಯೋ ಹಚ್ಚಿ, ಹತ್ತು ನಿಮಿಷ ಅಲ್ಲೇ ಕೂಡ್ರಿ. ಅಂಗಡಿಯವ ಮಾರಿ ಸಿಂಡರಿಸಿದ್ರೂ ಏಳಬ್ಯಾಡ್ರಿ. ಅಲ್ಲೇ ಸ್ಪೀಡ್ ಅಂತ ಒಂದು ಅಂಕಿ ಇರ್ತದ. ಕೆಲಸ ನಡದಾಗೂ 0.8 ಗಿಗಾಹರ್ಟ್ಸ್‌ಗೆ ಇಳದು ಅಲ್ಲೇ ನಿಂತ್ರ ಫ್ಯಾನಿನ್ಯಾಗ ಧೂಳು ತುಂಬಿರಬೇಕು, ಇಲ್ಲಾ ಚಿಪ್‌ನ ಬಿಸಿ ಹೊರಗ ಸಾಗಿಸೋ ಥರ್ಮಲ್ ಪೇಸ್ಟ್ ಒಣಗಿರಬೇಕು. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಅದು ಇನ್ನೂ ತಡೆಯಂಗಿಲ್ಲ. ಡೆಲ್ ಇದ್ರ ಚಾರ್ಜರ್ ಬದಲಿಸಿ ನೋಡ್ರಿ. ಚಾರ್ಜರ್ ಗುರುತು ಹಿಡೀಲಿಲ್ಲಂದ್ರ ಅದು ತಾನ ಸ್ಪೀಡ್ ಇಳಸ್ತದ.

ಬಾಗಲಕೋಟೆ ನವನಗರದಿಂದ:
ಉಪಕಾರ ಆತ್ರಿ. ಆ ಐ5 ಥಿಂಕ್‌ಪ್ಯಾಡ್ ಟಿ480 ಅಂತ. ರ‍್ಯಾಮ್ 4 ಜಿಬಿ ಅಷ್ಟ ಐತಿ, ನಡೀತೈತೇನ್ರಿ?

ಬೆಳಗಾವಿ, ರಿಪೇರಿ ಕೆಲಸದವ:
4 ಸಾಲಂಗಿಲ್ಲ. ಟಿ480ದಾಗ ಎರಡು ಸ್ಲಾಟ್ ಅದಾವ. ಇನ್ನೊಂದು ಸ್ಲಾಟಿಗೆ 8 ಜಿಬಿ ಡಿಡಿಆರ್4 ಹಾಕಿಸಿಕೊಡು ಅಂತ ರೇಟು ಮಾತಾಡೋ ಮುಂದನ ಹೇಳ್ರಿ. ರೊಕ್ಕ ಎಣಿಸಿದ ಮ್ಯಾಲ ಅವ ಕೇಳಂಗಿಲ್ಲ.