ಅಪ್ಪನ ಮೊಣಕೈ ಮಚ್ಚೆ: ಗಜಕರ್ಣನಾ, ಸೋರಿಯಾಸಿಸ್ಸಾ?

ಪ್ರಶ್ನೆ (ಕಲಬುರಗಿ): ಎರಡು ವರ್ಷದಿಂದ ಅಪ್ಪನ ಮೊಣಕೈ ಮೇಲೆ ಕೆಂಪು ಮಚ್ಚೆ. ಕೆರೆದರೆ ಬೆಳ್ಳಿ ಥರ ಹೊಟ್ಟು ಉದುರುತ್ತದೆ. ಮೆಡಿಕಲ್ ಅಂಗಡಿಯವರು ಗಜಕರ್ಣ ಅಂತ ಟ್ಯೂಬ್ ಕೊಟ್ಟರು, ಹಚ್ಚಿದಾಗ ಕಡಿಮೆ, ಬಿಟ್ಟರೆ ಮೊದಲಿಗಿಂತ ಜಾಸ್ತಿ. ಓಣಿಯಲ್ಲಿ ಯಾರೋ ಕುಷ್ಠ ಅಂದರು. ಅವತ್ತಿಂದ ನಮ್ಮ ಈ ಬಿಸಿಲಲ್ಲೂ ಅಪ್ಪ ತುಂಬು ತೋಳಿನ ಅಂಗಿ ಬಿಡುತ್ತಿಲ್ಲ.

ಉತ್ತರ 1: ಈ ಗೊಂದಲ ಇವತ್ತಿನದಲ್ಲ ಅಣ್ಣಾ. ಯುರೋಪಿನಲ್ಲೂ ಶತಮಾನಗಟ್ಟಲೆ ಕುಷ್ಠ, ಸೋರಿಯಾಸಿಸ್ (ಚರ್ಮದ ಮೇಲೆ ಹೊಟ್ಟೇಳುವ ದೀರ್ಘಕಾಲದ ಕಾಯಿಲೆ) ಎರಡನ್ನೂ ಒಂದೇ ಅಂದುಕೊಂಡಿದ್ದರು. 1841ರಲ್ಲಿ ವಿಯೆನ್ನಾದ ವೈದ್ಯ ಹೆಬ್ರಾ ಇವು ಬೇರೆ ಬೇರೆ ಅಂತ ಸ್ಪಷ್ಟವಾಗಿ ವಿಂಗಡಿಸಿದರು. ಸೋರಿಯಾಸಿಸ್ ಮುಟ್ಟಿದರೆ ಅಂಟುವುದಿಲ್ಲ. ಅಂಗಿ ತೋಳು ಮಡಚಲಿ ಬಿಡಿ.

ಉತ್ತರ 2: ನನಗೂ ಸೋರಿಯಾಸಿಸ್ ಇದೆ ರೀ. ಚರ್ಮದ ಡಾಕ್ಟರ್ ಮಚ್ಚೆ ಬಿಟ್ಟು ಮೊದಲು ಉಗುರು ನೋಡಿದರು! ಸೂಜಿಯಿಂದ ಚುಚ್ಚಿದ ಹಾಗೆ ಸಣ್ಣ ಗುಳಿಗಳಿದ್ದವು, ಸೋರಿಯಾಸಿಸ್ ಇದ್ದರೆ ಉಗುರು ಹೀಗಾಗಬಹುದು. ಆಮೇಲೆ ತಲೆ, ಕಿವಿ ಹಿಂದೆ, ಹೊಕ್ಕಳು ನೋಡಿ, ಹೊಟ್ಟು ಕೆರೆದು ಮೈಕ್ರೋಸ್ಕೋಪಿನಲ್ಲಿ ಗಜಕರ್ಣ ತರುವ ಫಂಗಸ್ ಇಲ್ಲ ಅಂತ ಖಾತ್ರಿ ಮಾಡಿಕೊಂಡರು. ಅನುಮಾನ ಉಳಿದರೆ ಮಾತ್ರ ಬಯಾಪ್ಸಿ, ಅಂದರೆ ಚರ್ಮದ ಸಣ್ಣ ಚೂರು ತೆಗೆದು ಪರೀಕ್ಷೆ. ಆ ಟ್ಯೂಬ್ ತಪ್ಪದೆ ತೋರಿಸಿ, ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಮಚ್ಚೆಯ ರೂಪವೇ ಬದಲಾಗಿರುತ್ತದೆ. ಬೆಳಿಗ್ಗೆ ಬೆರಳು ಬಿಗಿಯಾಗುತ್ತಾ ಅಂತಲೂ ಕೇಳಿ, ಸೋರಿಯಾಸಿಸ್ ಕೀಲಿಗೂ ಬರುತ್ತದೆ.

ಪ್ರಶ್ನೆ ಕೇಳಿದವರು: ಬೆರಳು ಬಿಗಿ ಅಂತ ದಿನಾ ಅಂತಾರೆ, ವಯಸ್ಸು ಅಂತ ಸುಮ್ನೆ ಬಿಟ್ಟಿದ್ದೆವು. ಸೋಮವಾರ ಕರೆದುಕೊಂಡು ಹೋಗುತ್ತೇನೆ.